ಜಗಳೂರು–ಮಂಗಳ, ವಯಾ ಹೊನ್ನಾಳಿ, ನ್ಯಾಮತಿ

ಮೊನ್ನೆ ಚನ್ನಗಿರಿ ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒಬ್ಬ ಪೋಸ್ಟರ್ ಅಂಟಿಸುತ್ತಿದ್ದ. ಕಾಲ ಬಳಿ ಬಕೆಟ್ಟು, ಬಕೆಟ್ಟಿನ ತುಂಬ ಮೈದಾ ಅಂಟು. ಹಿಂದಿನ ದಿನ ಕುದಿಸಿದ್ದಿರಬೇಕು, ಹುಳಿ ವಾಸನೆ ಹೊಡೆಯುತ್ತಿತ್ತು. ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದು ದೂರ ಸರಿದರು. ನಾನು ಮಾತ್ರ ಹತ್ತಿರ ಹೋಗಿ ನಿಂತೆ. ಅವನು ತಿರುಗಿ ನೋಡಿ, "ಏನ್ ಬೇಕಿತ್ತಮ್ಮಾ?" ಎಂದ. ಏನು ಹೇಳಲಿ? "ಇದಕ್ಕೆ ಚೂರು ಮೈಲುತುತ್ತ ಹಾಕಿಲ್ವೇನಪ್ಪಾ? ಇರುವೆ ಬರ್ತಾವೆ" ಎಂದೆ. ಇಂಥವರ ಜೊತೆ ಮಾತು ಬೆಳೆಸಬಾರದು ಎಂದುಕೊಂಡವನಂತೆ ಅವನು ಮತ್ತೆ ಗೋಡೆಯ ಕಡೆ ತಿರುಗಿದ.

ಆ ವಾಸನೆಗೆ ನನಗೆ ಜಗಳೂರು ನೆನಪಾಗುತ್ತದೆ. ಮೂರು ವರ್ಷದ ಹಿಂದೆ ಒಂದು ಮಳೆಗಾಲದ ಬಹುಪಾಲು ನಾನು ಅಲ್ಲಿ ಅಕ್ಕನ ಮನೆಯಲ್ಲಿದ್ದೆ. ಐವತ್ತೊಂದನೆಯ ವಯಸ್ಸಿನಲ್ಲಿ, ಮುರಿದು ಕೂಡಿಕೊಂಡ ಕೈ ಇಟ್ಟುಕೊಂಡು, ಕಾಗದದ ಆಕಾಶನೌಕೆ ಕಟ್ಟುತ್ತಾ ಇದ್ದೆ.

ನಾನು ಚನ್ನಗಿರಿಯಲ್ಲಿ ಲೇಡೀಸ್ ಟೈಲರ್, ಹೆಸರು ಗಿರಿಜ. ಮದುವೆ ಆಗಲಿಲ್ಲ. ಬೇರೆಯವರ ಮದುವೆಗೆ ಬ್ಲೌಸ್ ಹೊಲಿಯುವುದರಲ್ಲಿ ಪುರುಸೊತ್ತು ಸಿಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತೇನೆ. ಊರಿನ ಅರ್ಧ ಹೆಂಗಸರ ಸುತ್ತಳತೆ ನನ್ನ ನೋಟ್‌ಬುಕ್ಕಿನಲ್ಲಿದೆ, ಹಾಗಾಗಿ ಯಾರೂ ನನ್ನ ಜೊತೆ ಜಗಳಕ್ಕೆ ಬರುವುದಿಲ್ಲ. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಹಿತ್ತಾಳೆ ಹಿಡಿಯ ದೊಡ್ಡ ಕತ್ತರಿ. ಆ ವರ್ಷ ಮೊದಲ ಮಳೆಯ ದಿನ ಕರೆಂಟು ಹೋಗಿದ್ದಾಗ, ನಾನೇ ಕತ್ತರಿಸಿ ಕೆಳಗೆ ಬಿಸಾಡಿದ್ದ ಸ್ಯಾಟಿನ್ ತುಂಡಿನ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಟೈಲರಮ್ಮ ಸ್ಯಾಟಿನ್ ಮೇಲೆ ಜಾರಿ ಬಿದ್ದಳು ಎಂದರೆ ಮರ್ಯಾದೆ ಉಳಿಯುತ್ತದೆಯೇ? ನೋಡಲು ಬಂದವರಿಗೆಲ್ಲ ಬಚ್ಚಲಲ್ಲಿ ಬಿದ್ದೆ ಎಂದೇ ಹೇಳಿದೆ.

ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕೈ ನನ್ನದು ಅನಿಸಲಿಲ್ಲ. ಬೆರಳು ಅರ್ಧ ಮಡಚಿ ಅಲ್ಲೇ ನಿಲ್ಲುತ್ತಿದ್ದವು. ಕತ್ತರಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. "ಬೆರಳಿಗೆ ಸಣ್ಣಸಣ್ಣ ಕೆಲಸ ಕೊಡ್ರಿ, ಬರ್ತೈತೆ" ಎಂದರು ಡಾಕ್ಟರು. "ಬರದಿದ್ರೆ?" ಎಂದು ಕೇಳಿದೆ. ಅವರು ಚೀಟಿ ಬರೆಯುತ್ತಲೇ "ನೋಡಾಣ" ಎಂದರು. ಆ ಒಂದು ಮಾತು ಮನೆಯವರೆಗೂ ನನ್ನ ಜೊತೆ ಬಂತು. ದಸರಾ ಕಳೆದರೆ ಮದುವೆಗಳು ಶುರು. ಅಷ್ಟರೊಳಗೆ ಕೈ ಬಾರದಿದ್ದರೆ ಅಂಗಡಿಗೆ ಬೀಗ ಹಾಕಬೇಕು ಎಂದು ನನಗೆ ನಾನೇ ಗಡುವು ಹಾಕಿಕೊಂಡೆ, ಅದನ್ನು ಯಾರಿಗೂ ಹೇಳಲಿಲ್ಲ. ಕತ್ತರಿಯನ್ನು ಹಳೇ ಲಂಗದ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿ, ಅಕ್ಕ ಕರೆದಳೆಂದು ಜಗಳೂರಿನ ದಾರಿ ಹಿಡಿದೆ.

ಹೊರಟಾಗ ಚನ್ನಗಿರಿಯಲ್ಲಿ ಜಡಿಮಳೆ. ಬಟ್ಟೆ, ಬೆಂಕಿಪೊಟ್ಟಣ, ಹಪ್ಪಳ ಎಲ್ಲ ಮೆತ್ತಗಾಗಿದ್ದವು. ದಾವಣಗೆರೆ ದಾಟಿದ ಮೇಲೆ ಬಸ್ಸಿನ ಕಿಟಕಿ ಒಣಗಿತು. ಜಗಳೂರಿನಲ್ಲಿ ಇಳಿದರೆ ಬರೀ ಗಾಳಿ. ಸೀರೆಯ ನೆರಿಗೆ ಹಿಡಿಯಲು ಎರಡು ಕೈಯೂ ಸಾಲುತ್ತಿರಲಿಲ್ಲ, ನನಗೆ ಇದ್ದದ್ದು ಒಂದೇ. ಮೋಡಗಳು ಬಂದವು, ಊರನ್ನು ಒಮ್ಮೆ ನೋಡಿದವು, ಮುಂದಕ್ಕೆ ಹೋದವು. ಕರೆದುಕೊಂಡು ಹೋಗಲು ಬಂದಿದ್ದ ಭಾವ ಮೇಲೆ ನೋಡಿ, "ನಮ್ಮೂರಾಗೆ ಮೋಡಕ್ಕೆ ಸ್ಟಾಪ್ ಇಲ್ಲ ಗಿರಿಜ. ಎಲ್ಲಾ ಎಕ್ಸ್‌ಪ್ರೆಸ್ಸು" ಎಂದರು.

ಭಾವ ತಿಪ್ಪೇಸ್ವಾಮಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ರಿಟೈರಾದವರು. ರಿಟೈರಾದದ್ದು ಅವರು ಮಾತ್ರ, ಅವರ ಬಾಯಿ ಇನ್ನೂ ಸರ್ವಿಸಿನಲ್ಲೇ ಇತ್ತು. ಮನೆಗೆ ನಾಲ್ಕು ಜನ ಬಂದರೆ ಬಾಗಿಲಲ್ಲಿ ನಿಂತು, "ಒಳಗ್ ಹೋಗ್ರಿ, ಒಳಗ್ ಹೋಗ್ರಿ, ನಡುಮನೆ ಖಾಲಿ ಐತೆ" ಎನ್ನುತ್ತಿದ್ದರು. ಊಟ ಮುಗಿಸಿ ಕೈ ತೊಳೆದರೆ "ರೈಟ್". ಅಕ್ಕ ಸುಶೀಲ ರೊಟ್ಟಿ ಹಾಕುವುದು ತಡವಾದರೆ ಅಂಗಿ ಜೇಬಿನಿಂದ ಹಳೆಯ ಸೀಟಿ ತೆಗೆದು ಒಂದು ಸಲ ಊದುತ್ತಿದ್ದರು. ಆಗ ಅಕ್ಕ ಲಟ್ಟಣಿಗೆ ತೋರಿಸುತ್ತಿದ್ದಳು, ಬಸ್ಸು ಮತ್ತೆ ಸರಿಯಾಗಿ ಓಡುತ್ತಿತ್ತು.

ರಿಟೈರಾದ ಮೇಲೆ ಭಾವನಿಗೆ ಒಂದು ಹುಚ್ಚು ಹತ್ತಿತ್ತು. ಮೊಬೈಲಿನಲ್ಲಿ ಬೇರೆ ಗ್ರಹದವರ ಸಿನಿಮಾ ನೋಡಿ ನೋಡಿ, ಆ ನೌಕೆಗಳನ್ನು ಕಾಗದದಲ್ಲಿ ಕಟ್ಟಬಹುದೆಂದು ಎಲ್ಲೋ ಕಂಡಿದ್ದರು. ಯಾವ ದೇಶದವನೋ ಪುಣ್ಯಾತ್ಮ ನಕ್ಷೆಗಳನ್ನು ಪುಕ್ಕಟೆ ಇಟ್ಟಿದ್ದ. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬೇಕು, ಕತ್ತರಿಸಬೇಕು, ಮಡಚಬೇಕು, ಅಂಟಿಸಬೇಕು, ಅಷ್ಟು ಮಾಡಿದರೆ ನೌಕೆ ಸಿದ್ಧ. ನಾನು ಹೋದ ಮೂರನೆಯ ದಿನ ಭಾವ ಮಂಚದ ಕೆಳಗಿನಿಂದ ಟ್ರಂಕು ಎಳೆದು ತಮ್ಮ ಕೈಕೆಲಸ ತೋರಿಸಿದರು. ಒಳಗೆ ಏಳು ನೌಕೆಗಳ ಏಳು ಮೂತಿಗಳಿದ್ದವು. ಮೈ ಒಂದಕ್ಕೂ ಇರಲಿಲ್ಲ.

"ಎಲ್ಲಾ ಮೂತಿಗೇ ನಿಂತೈತಲ್ಲ ಭಾವ" ಎಂದೆ.

"ಅಲ್ಲಿತಂಕ ಉಮೇದು ಇರ್ತೈತೆ. ಆಮೇಲೆ ಸಿಟ್ಟು ಬರ್ತೈತೆ."

ಒಂದು ಮೂತಿ ಎತ್ತಿ ಅಂಚು ನೋಡಿದೆ. ಕತ್ತರಿ ತಾಗಿದ ಗುರುತೇ ಇರಲಿಲ್ಲ. "ಇದನ್ನ ಏತರಾಗೆ ಕತ್ತರಿಸಿದ್ರಿ?"

"ಕತ್ತರಿ ಯಾಕೆ? ಹರಿದೆ" ಎಂದು ಭಾವ ಹೆಬ್ಬೆರಳು ತೋರಿಸಿದರು. "ಮೂವತ್ತು ವರ್ಷ ಟಿಕೆಟ್ ಹರಿದ ಕೈ ಇದು. ಹೊನ್ನಾಳಿ ಸಂತೆ ದಿನ ಎಂಬತ್ತು ಜನದ ನಡುವೆ ಒಂಟಿ ಕಾಲಾಗೆ ನಿಂತು ಹರಿದೀನಿ, ಒಂದು ನಂಬರೂ ಕೆಟ್ಟಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಕ್ಕದ್ದು ಅದೇ ಮೊದಲು. ಭಾವ ಸಿಟ್ಟಾಗಲಿಲ್ಲ. "ನಗು, ನಗು. ನೀನು ಟೈಲರು ಅಲ್ವೇನು? ನೀನೇ ಕತ್ತರಿಸಿ ಕೊಡು ನೋಡಾಣ" ಎಂದರು. ಅವರು ಹೇಳಿದ ಆ "ನೋಡಾಣ" ಡಾಕ್ಟರ ಮಾತಿನಂತೆಯೇ ಕೇಳಿಸಿತು. ನನ್ನ ನಗು ಅಲ್ಲೇ ನಿಂತಿತು.

ಮಧ್ಯಾಹ್ನ ಇಬ್ಬರೂ ಮಲಗಿದಾಗ ಅಕ್ಕನ ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ತೆಗೆದುಕೊಂಡು ಹಿತ್ತಲ ಬಾಗಿಲಲ್ಲಿ ಕೂತೆ. ಒಂದು ಸಾದಾ ಚೌಕ ಕತ್ತರಿಸಲು ಹೊರಟೆ. ಹೆಬ್ಬೆರಳು ಒತ್ತಿದರೆ ಉಳಿದ ಬೆರಳು ಒತ್ತವು. ಎರಡೂ ಒತ್ತಿದರೆ ಮಣಿಕಟ್ಟು ಚುರ್ರೆನ್ನುತ್ತಿತ್ತು. ಹತ್ತು ನಿಮಿಷ ಒದ್ದಾಡಿದ ಮೇಲೆ ಕೈಯಲ್ಲಿದ್ದ ಚೌಕ ಇಲಿ ಕಡಿದಂತಿತ್ತು. ಇಪ್ಪತ್ತೇಳು ವರ್ಷ ಇದೇ ಕೈಯಲ್ಲಿ ಕತ್ತರಿಸಿದ್ದೇನಲ್ಲ ಎಂದು ಅಳು ಬಂತು. ಅತ್ತೆ, ಸೆರಗು ಒದ್ದೆಯಾಗುವ ಹಾಗೆ ಅತ್ತೆ. ಹಿಂದೆ ಅಕ್ಕ ಬಂದು ನಿಂತದ್ದು ಗೊತ್ತಾಗಲಿಲ್ಲ. ಅವಳು ಸಮಾಧಾನ ಮಾಡುವ ಜಾತಿಯವಳಲ್ಲ. ಆ ಕಡಿದ ಚೌಕ ಎತ್ತಿಕೊಂಡು ಹಿಂದೆ ಮುಂದೆ ನೋಡಿ, "ಕಾಗದ ತಾನೆ? ಯಾರ ಮದುವೆ ಬ್ಲೌಸೂ ಅಲ್ಲ. ಇನ್ನೊಂದು ಕತ್ತರಿಸು" ಎಂದು ಒಳಗೆ ಹೋದಳು.

ಹಾಗೆ ಶುರುವಾಯಿತು. ಮೊದಲಿಗೆ ನಾನು ಒಂದು ಶರತ್ತು ಹಾಕಿದೆ, ನೌಕೆ ಆಮೇಲೆ, ಮೊದಲು ಸುಲಭದ್ದು. ಹೊಸಬರು ಬಂದ ಮೊದಲ ದಿನವೇ ಕಟೋರಿ ಬ್ಲೌಸ್ ಹೊಲಿಯುತ್ತೇನೆ ಎಂದರೆ ನಾನು ಬಿಡುವುದಿಲ್ಲ, ಪೆಟಿಕೋಟಿನ ಲಾಡಿಯಿಂದ ಶುರು ಮಾಡಿಸುತ್ತೇನೆ. ಭಾವ ಗೊಣಗಿಕೊಂಡೇ ಮಂಗಳ ಗ್ರಹದ ನೆಲದ ಮೇಲೆ ಓಡಾಡುವ ಒಂದು ಪುಟ್ಟ ಗಾಡಿಯ ನಕ್ಷೆ ಪ್ರಿಂಟ್ ಹಾಕಿಸಿ ತಂದರು. ಜೆರಾಕ್ಸಿನವನು ತೆಳ್ಳನೆ ಹಾಳೆ ಕೊಟ್ಟಿದ್ದ, ಗಾಡಿ ತನ್ನ ಭಾರಕ್ಕೆ ತಾನೇ ಕೂತುಬಿಟ್ಟಿತು. ಮಾರನೆಯ ದಿನ ಲಗ್ನಪತ್ರಿಕೆಯಷ್ಟು ದಪ್ಪದ ಕಾಗದ ತಂದರು. ಅದು ಮಡಚುವಲ್ಲಿ ಬಿರಿಯಿತು. ನನ್ನ ಬ್ಯಾಗಿನಲ್ಲಿದ್ದ, ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲುಹಲ್ಲಿನ ಪುಟ್ಟ ಚಕ್ರವನ್ನು ಮಡಿಕೆಯ ಗೆರೆಗಳ ಮೇಲೆ ಓಡಿಸಿದೆ, ಕಾಗದ ಹೇಳಿದಂತೆ ಕೇಳಿತು. ಅಂಟು ಒಣಗುವವರೆಗೆ ಹಿಡಿದುಕೊಳ್ಳಲು ಅಕ್ಕನ ತಲೆಯ ಕ್ಲಿಪ್ಪು ಹಾಕಿದೆವು. ದುಂಡಗೆ ಬಗ್ಗಿಸಲು ಅವಳ ಲಟ್ಟಣಿಗೆಯನ್ನೂ ಒಯ್ದೆವು. ಸಂಜೆ ಅವಳು ಕೂದಲು ಬಿಟ್ಟುಕೊಂಡು, ಕೈಯಲ್ಲೇ ರೊಟ್ಟಿ ತಟ್ಟುತ್ತಾ, ನಮ್ಮಿಬ್ಬರನ್ನೂ ಬೈದಳು.

ಆದರೂ ಗಾಡಿ ಕೂಡಲಿಲ್ಲ. ನಾಲ್ಕು ಗೋಡೆ ಜೋಡಿಸಿದರೆ ಮುಚ್ಚಳ ಹೊರಗೆ ಚಾಚುತ್ತಿತ್ತು. ಚಕ್ರಗಳು ಒಂದಕ್ಕೊಂದು ತಾಗುತ್ತಿದ್ದವು. ಭಾವ ಕನ್ನಡಕ ಏರಿಸಿ ಒಂದೊಂದೇ ತುಂಡು ಬೆಳಕಿಗೆ ಹಿಡಿದರು.

"ಗಿರಿಜ, ಗೆರೆ ಎಲ್ಲೈತೆ, ನೀನು ಎಲ್ಲಿ ಕತ್ತರಿಸೀಯ?"

ನೋಡಿದೆ. ಪ್ರತಿ ತುಂಡಿನ ಸುತ್ತಲೂ ಗೆರೆಯಾಚೆ ಅರ್ಧ ಬೆರಳು ಕಾಗದ ಬಿಟ್ಟಿದ್ದೆ. ಟೈಲರುಗಳು ಬಟ್ಟೆಯ ಮೇಲೆ ಎಳೆಯುವುದು ಹೊಲಿಗೆಯ ಗೆರೆ, ಕತ್ತರಿ ಓಡುವುದು ಅದರಾಚೆ. ಒಳಗೆ ಬಟ್ಟೆ ಬಿಟ್ಟಿದ್ದರೆ ತಾನೆ ಮುಂದೆ ಮೈ ತುಂಬಿಕೊಂಡಾಗ ಬಿಚ್ಚಿ ಸಡಿಲ ಮಾಡುವುದು? ನನ್ನ ಕೈ ಮುರಿದಿದ್ದರೂ ಅದೊಂದು ಅಭ್ಯಾಸ ಮುರಿದಿರಲಿಲ್ಲ.

"ಮಾರ್ಜಿನ್ ಭಾವ. ಬಿಡಬೇಕು."

"ಯಾತಕ್ಕೆ?"

"ನಾಳೆ ದಪ್ಪ ಆದ್ರೆ?"

"ಮಂಗಳದ ಮ್ಯಾಗೆ ಹೋಗೋ ಗಾಡಿ ಏನ್ ತಿಂದು ದಪ್ಪ ಆಗ್ತೈತೆ? ಅಲ್ಲಿ ನಿಮ್ಮಕ್ಕ ಅದಾಳೇನು ರೊಟ್ಟಿ ಹಾಕಾಕೆ?"

ಒಳಗಿನಿಂದ ಲಟ್ಟಣಿಗೆಯ ಬದಲು ಮಾತು ಬಂತು, "ನನ್ನ ಸುದ್ದಿ ಯಾಕ್ರೀ ಬೇಕು ನಿಮಗೆ?"

ಭಾವ ಅವತ್ತೇ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ "ಗೆರೆ ಮೇಲೆ" ಎಂದು ಬರೆದು ಗೋಡೆಗೆ ತೂಗುಹಾಕಿದರು. ಸಾಲದ್ದಕ್ಕೆ ನಾನು ಕತ್ತರಿ ಹಿಡಿದಾಗಲೆಲ್ಲ ಪಕ್ಕದಲ್ಲಿ ಸೀಟಿ ಬಾಯಿಗಿಟ್ಟುಕೊಂಡು ಕೂರತೊಡಗಿದರು. ಕತ್ತರಿ ಗೆರೆ ಬಿಟ್ಟು ಹೊರಗೆ ಹೋದರೆ ಒಂದು ಸೀಟಿ. ಗೆರೆ ಮೇಲೆ ಬಂದರೆ "ರೈಟ್ ರೈಟ್". ಮೊದಲ ವಾರ ಆ ಸೀಟಿ ಕೇಳಿ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ನನಗೆ ಬರುತ್ತಿದ್ದ ಸಿಟ್ಟಿಗೆ ಕತ್ತರಿಯನ್ನು ಅವರ ಮೇಲೇ ಎಸೆಯಬೇಕು ಅನಿಸುತ್ತಿತ್ತು. ಎಸೆಯುವಷ್ಟು ಶಕ್ತಿ ಕೈಗೆ ಇರಲಿಲ್ಲ, ಹಾಗಾಗಿ ಕತ್ತರಿಸಿದೆ.

ಗಾಡಿ ಮುಗಿದಾಗ ಶ್ರಾವಣ ಬಂದಿತ್ತು. ಅದು ನಮ್ಮ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಂದು ಕಡೆ ವಾಲುತ್ತಿತ್ತು, ಆದರೆ ಅದಕ್ಕೆ ಮೂತಿಯ ಜೊತೆ ಮೈಯೂ ಇತ್ತು. ಭಾವ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ನೋಡಿದರೆ ಗಾಡಿಯ ಸುತ್ತ ಕರಿ ಸಾಲು. ಇರುವೆಗಳು ಕಿಟಕಿಯಿಂದ ಹತ್ತಿ ಹಿಂಬಾಗಿಲಿನಿಂದ ಇಳಿಯುತ್ತಿದ್ದವು. ಮೈದಾ ಅಂಟಿನ ರುಚಿಗೆ ಬಂದಿದ್ದವು. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ನೋಡ್ರಿ, ನಿಮ್ಮ ಮಂಗಳದೋರು ಬಂದಾರೆ. ಟಿಕೆಟ್ ಕೊಡ್ರಿ" ಎಂದಳು.

ಅದಕ್ಕೆ ಮದ್ದು ನನಗೆ ಗೊತ್ತಿತ್ತು. ಚನ್ನಗಿರಿ ಕಡೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ ಔಷಧಿಗೆ ಮೈಲುತುತ್ತ ಬೇಕೇ ಬೇಕು, ಯಾವ ಅಂಗಡಿಯಲ್ಲೂ ಆ ನೀಲಿ ಹರಳು ಸಿಗುತ್ತದೆ. ಪುಸ್ತಕಕ್ಕೆ ರಟ್ಟು ಹಾಕುವವರೂ ಅದನ್ನು ಅಂಟಿಗೆ ಬೆರೆಸುವುದನ್ನು ನೋಡಿದ್ದೆ. ಭಾವ ಎಲ್ಲಿಂದಲೋ ಒಂದು ಪೊಟ್ಟಣ ತಂದರು. ಒಂದು ಚಿಟಿಕೆ ಎಂದು ನಾನು ಹೇಳಿದೆ, ಅವರ ಚಿಟಿಕೆ ನನ್ನ ಮುಷ್ಟಿಯಷ್ಟಿತ್ತು. ಇರುವೆ ಹೋದವು. ಅಂಟು ತಿಳಿನೀಲಿಯಾಯಿತು. ಅದು ವಿಷ ಎಂದು, ಅಂಟು ಕುದಿಸಿದ ಪಾತ್ರೆಯನ್ನು ಅಕ್ಕ ಬೀದಿಯ ತಿಪ್ಪೆಗೆ ಎಸೆದು, ಎರಡು ದಿನ ನಮ್ಮಿಬ್ಬರಿಗೂ ಸೋಪು ಹಚ್ಚಿ ಮೊಣಕೈವರೆಗೆ ತೊಳೆಸಿಯೇ ತಟ್ಟೆ ಇಟ್ಟಳು.

ಆಮೇಲೆ ದೊಡ್ಡ ನೌಕೆ. ಹದಿನಾಲ್ಕು ಹಾಳೆ, ಎಣಿಸಿದರೆ ತಲೆ ತಿರುಗುವಷ್ಟು ತುಂಡುಗಳು. ಸೂಚನೆ ಇಂಗ್ಲಿಷಿನಲ್ಲಿತ್ತು, ಭಾವ ಅದನ್ನು ಊರುಗಳ ಬೋರ್ಡು ಓದುವಂತೆ ಓದುತ್ತಿದ್ದರು, ಅರ್ಥ ಇಬ್ಬರಿಗೂ ಆಗುತ್ತಿರಲಿಲ್ಲ. ಕೊನೆಗೆ ನಾನು ಆ ಹಾಳೆ ಮಡಚಿಟ್ಟು ನಕ್ಷೆಯನ್ನೇ ನೋಡಿದೆ. ಅಷ್ಟು ದಿನ ಹೆದರಿಸಿದ್ದ ಚೂಪು ಮೂತಿ ಎಂದರೆ ಬ್ಲೌಸಿನ ಎದೆಗೆ ಮಡಚಿ ಹಿಡಿಯುವ ಟಕ್ಸು, ಅಷ್ಟೆ. ದುಂಡು ಮೈಗೆ ಓರೆಯಾಗಿ ಇಂಜಿನ್ ಕೂರಿಸುವುದು ಎಂದರೆ ಕಂಕುಳಿಗೆ ತೋಳು ಕೂರಿಸುವುದು. ಎರಡು ಅಂಚು ಸೇರುವಲ್ಲಿ ಹಿಂದಿನಿಂದ ಒಂದು ಪಟ್ಟಿ ಕೊಟ್ಟು ಅಂಟಿಸಿದರೆ ಮುಂದೆ ಗುರುತೇ ಕಾಣುವುದಿಲ್ಲ. ಇದನ್ನು ಬರೆದವನು ಯಾವ ದೇಶದವನಾದರೂ ಅವನ ಮನೆಯಲ್ಲಿ ಒಬ್ಬ ಟೈಲರ್ ಇರಲೇಬೇಕು ಎಂದು ಭಾವನಿಗೆ ಹೇಳಿದೆ.

ಭಾದ್ರಪದ ಪೂರ್ತಿ ನಡುಮನೆ ನಮ್ಮದಾಯಿತು. ಜಗಳೂರಿನ ಒಣ ಹವೆಗೆ ಅಂಟು ಬೇಗ ಒಣಗುತ್ತಿತ್ತು, ಚನ್ನಗಿರಿಯಲ್ಲಾಗಿದ್ದರೆ ನೌಕೆಗೆ ಬೂಷ್ಟು ಬಂದಿರುತ್ತಿತ್ತು. ಆದರೆ ಗಾಳಿ ಮಾತ್ರ ನಮ್ಮ ವೈರಿ. ಒಂದು ದಿನ ಬಣ್ಣ ಹಚ್ಚಿ ಮಹಡಿಯ ಮೇಲೆ ಒಣಗಲು ಇಟ್ಟ ಎಡ ರೆಕ್ಕೆ ಹಾರಿಹೋಯಿತು. ಭಾವ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಾ, ನೋವಿನ ಮಂಡಿಯಲ್ಲಿ ಮೆಟ್ಟಿಲಿಳಿದು ಬೀದಿಗೆ ಓಡಿದರು. ಹಾದು ಹೋಗುತ್ತಿದ್ದ ಕುರಿಮಂದೆಯ ನಡುವೆ ರೆಕ್ಕೆ ಇಳಿದಿತ್ತು. ಅದನ್ನು ಹುಡುಕಿಕೊಂಡು ಮಂದೆಯೊಳಗೆ ಹೋದವರು, ಅಭ್ಯಾಸಬಲದಿಂದ "ಮುಂದಕ್ಕೆ ಹೋಗ್ರಿ, ಮುಂದಕ್ಕೆ ಹೋಗ್ರಿ" ಎಂದು ಕುರಿಗಳಿಗೆ ಹೇಳುತ್ತಿದ್ದುದನ್ನು ನಾನು ಮೇಲಿಂದ ಕಣ್ಣಾರೆ ನೋಡಿದೆ. ರೆಕ್ಕೆ ಸಿಕ್ಕಿತು, ಮೇಲೊಂದು ಗೊರಸಿನ ಗುರುತಿತ್ತು. ಅಂತರಿಕ್ಷದ ಕಲ್ಲು ಬಡಿದದ್ದು ಎಂದು ಅದನ್ನು ಹಾಗೇ ಅಂಟಿಸಿದೆವು.

ಪಕ್ಕದ ಮನೆಯ ಗಂಗಮ್ಮ ಬಂದವರು ನೌಕೆಯ ಸುತ್ತ ಒಂದು ಸುತ್ತು ಹಾಕಿ, "ಹೊಸ ಮಿಕ್ಸಿಯೇನು ಸುಶೀಲಕ್ಕ?" ಎಂದರು. ಭಾವನಿಗೆ ಅವಮಾನವಾಯಿತು. ಇದು ಏನೆಂದು ಜನಕ್ಕೆ ತಿಳಿಯಬೇಕಾದರೆ ಬೋರ್ಡು ಇರಬೇಕು ಎಂದು ಅವತ್ತೇ ಕುಂಚ ಹಿಡಿದು ಕೂತರು. ನೌಕೆಯ ಹಣೆಗೆ ಹಳದಿ ಬೋರ್ಡು ಬಂತು, "ಜಗಳೂರು–ಮಂಗಳ, ವಯಾ ಹೊನ್ನಾಳಿ, ನ್ಯಾಮತಿ".

"ಮಂಗಳಕ್ಕೆ ಹೋಗಾಕೆ ಹೊನ್ನಾಳಿ, ನ್ಯಾಮತಿ ಯಾಕೆ ಭಾವ?"

"ನನ್ನ ರೂಟು ಅದು. ಹೊನ್ನಾಳಿಯಾಗೆ ನಿಲ್ಲಿಸದಿದ್ರೆ ಜನ ಸುಮ್ನೆ ಬಿಡ್ತಾರೇನು? ಡಿಪೋಗೆ ಅರ್ಜಿ ಹೋಗ್ತಾವೆ."

ಬೋರ್ಡಿನ ನಂತರ ಕಿಟಕಿ. ನೌಕೆಗೆ ಇಪ್ಪತ್ತು ಕಿಟಕಿ, ಒಂದೊಂದೂ ಶರ್ಟಿನ ಗುಂಡಿಯಷ್ಟು ಅಗಲ, ದುಂಡಗೆ. ಹನ್ನೊಂದೋ ಹನ್ನೆರಡೋ ಕತ್ತರಿಸುವ ಹೊತ್ತಿಗೆ ಸೀಟಿಯ ಸದ್ದೇ ಕೇಳದೆ ತಲೆ ಎತ್ತಿದೆ. ಭಾವ ಸೀಟಿ ಜೇಬಿಗೆ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕನೂ ನಿಂತಿದ್ದಳು. ಅಂಗೈಯಲ್ಲಿ ಬಿದ್ದಿದ್ದ ಪುಟ್ಟ ಬಿಲ್ಲೆಗಳನ್ನು ನೋಡಿದೆ, ಎಲ್ಲ ಸರಿಯಾಗಿ ದುಂಡಗಿದ್ದವು. ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಇದು ಸಣ್ಣ ಕತ್ತರಿ, ಕಾಗದ. ಬ್ಯಾಗಿನ ತಳದಲ್ಲಿರುವ ದೊಡ್ಡದನ್ನು ಹಿಡಿದು ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ.

ಆಯುಧಪೂಜೆಯ ದಿನ ಅದನ್ನು ತೆಗೆಯದೆ ವಿಧಿ ಇರಲಿಲ್ಲ. ಕೆಲಸದ ಸಾಮಾನು ಇಟ್ಟುಕೊಂಡೂ ಪೂಜೆ ಮಾಡದಿದ್ದರೆ ಅಕ್ಕ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಲಂಗದ ಬಟ್ಟೆ ಬಿಚ್ಚಿ, ಹಿತ್ತಾಳೆ ಹಿಡಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಭಾವನ ಸ್ಕೂಟರು, ಅಕ್ಕನ ಈಳಿಗೆಮಣೆ, ಸೀಟಿ, ನೌಕೆ ಎಲ್ಲದರ ಸಾಲಿನಲ್ಲಿಟ್ಟೆ. ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಭಾವ, ನೌಕೆಯ ಕಾಲಿಗೂ ಒಂದೊಂದು ಇಟ್ಟರು. ನೌಕೆ ನಿಂಬೆಹಣ್ಣಿನ ಮೇಲೆ ಹತ್ತಲಿಲ್ಲ, ನಿಂಬೆಹಣ್ಣೇ ನೌಕೆಯ ಕೆಳಗೆ ನುಗ್ಗಿ ಅದನ್ನು ಎತ್ತಿತು. ತೀರ್ಥ ಚಿಮುಕಿಸಿದಾಗ ಹಿಂದಿನ ಒಂದು ಕಾಲು ಮೆತ್ತಗಾಗಿ, ಮಂಗಳಕ್ಕೆ ಹೊರಟ ಬಸ್ಸು ಮಂಡಿಯೂರಿ ನಮಸ್ಕಾರ ಮಾಡಿತು. "ಭಕ್ತಿ ನೋಡು ಅದರದು" ಎಂದಳು ಅಕ್ಕ.

ಕತ್ತರಿ ಕೈಯಲ್ಲಿ ಹಿಡಿದೆ. ಬೆರಳು ಮಡಚಿದವು. ಒಂದು ಸಲ ಬಟ್ಟೆಯ ಮೇಲೆ ಆಡಿಸಿ ನೋಡಲೇ ಎಂದು ಜೀವ ಹಾತೊರೆಯಿತು. ಅಕ್ಕ ಕಸಿದುಕೊಂಡು ಮತ್ತೆ ಪೂಜೆಯಲ್ಲಿಟ್ಟಳು. ಆ ದಿನ ಸಾಮಾನು ಮುಟ್ಟಿ ಕೆಲಸ ಮಾಡುವಂತಿಲ್ಲ. ಆ ಒಂದು ದಿನ ಕಳೆದ ಹಾಗೆ ಆರು ವಾರದ ಪ್ಲಾಸ್ಟರೂ ಕಳೆದಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಕತ್ತರಿ ಆಡಿಸಿ ನೋಡಲು ಹಳೇ ಬೆಡ್‌ಶೀಟು ಹುಡುಕುತ್ತಿದ್ದೆ. ಅಕ್ಕ ಬೀರುವಿನಿಂದ ಒಂದು ಪೊಟ್ಟಣ ತಂದು ಮುಂದಿಟ್ಟಳು. ನೋಡಿದ ಕೂಡಲೇ ಗೊತ್ತಾಯಿತು, ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಸಿಕ್ಕಿದ್ದ ಗುಳೇದಗುಡ್ಡದ ಖಣ. ಕೆಂಪು ಮೈ, ಹಸಿರು ಅಂಚು, ಒಂದೇ ಒಂದು ಬ್ಲೌಸಿಗೆ ಆಗುವಷ್ಟು ಬಟ್ಟೆ. ಮೈ ಸ್ವಲ್ಪ ಇಳಿಸಿದ ಮೇಲೆ ಹೊಲಿಸುತ್ತೇನೆ ಎಂದು ಅಕ್ಕ ಏಳು ವರ್ಷದಿಂದ ಇಟ್ಟುಕೊಂಡಿದ್ದಳು. ಮೈ ಇಳಿದಿರಲಿಲ್ಲ.

"ಇದು ಬ್ಯಾಡಕ್ಕಾ. ಮೊದಲು ಹಳೇದರ ಮ್ಯಾಲೆ ನೋಡ್ತೀನಿ."

"ಹಳೇದರ ಮ್ಯಾಲೆ ಕತ್ತರಿಸಿದ್ರೆ ನಿನ್ನ ಭಯ ಹೋಗಲ್ಲ. ನೀನು ಹೇಳಿಲ್ಲ, ನಾನು ಕೇಳಿಲ್ಲ. ಬ್ಯಾಗಿನ ತಳಕ್ಕೆ ಅದನ್ನ ಹಾಕ್ಕಂಡು ಬಂದಾಗ್ಲೇ ನಂಗೆ ತಿಳೀತು. ಕತ್ತರಿಸು."

ಅವಳ ಅಳತೆ ಬ್ಲೌಸ್ ಹಾಸಿ ಗುರುತು ಹಾಕಿದೆ. ಭಾವ ಎದುರಿಗೆ ಕೂತರು, ಸೀಟಿ ಇರಲಿಲ್ಲ, ಕೈ ಕಟ್ಟಿಕೊಂಡಿದ್ದರು. ಕತ್ತರಿಯ ಬಾಯಿ ತೆರೆದು ಖಣದ ಅಂಚಿಗೆ ಇಟ್ಟು ಒತ್ತಿದೆ. ಮುಚ್ಚಿತು. ಮತ್ತೆ ಒತ್ತಿದೆ. ಆಮೇಲೆ ನಾನು ಒತ್ತಬೇಕಾಗಲಿಲ್ಲ. ಮೇಜಿನ ಮೇಲೆ ಕರಕರ ಎಂದು ಸದ್ದು ಮಾಡುತ್ತಾ ಕತ್ತರಿ ತಾನೇ ಓಡಿತು. ಆ ಸದ್ದು ಕೇಳಿ ನಾಲ್ಕು ತಿಂಗಳಾಗಿತ್ತು. ಮುಂದಿನ ಭಾಗ, ಹಿಂದಿನ ಭಾಗ, ತೋಳು, ಕಂಕುಳ ತಿರುವಿನಲ್ಲೂ ಎಲ್ಲೂ ತಡವರಿಸಲಿಲ್ಲ. ಕೊನೆಯ ತುಂಡು ಬಿದ್ದಾಗ ಭಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಶಭಾಷ್ ಗಿರಿಜ! ನೂಲಿನಷ್ಟೂ ಆಚೆ ಈಚೆ ಇಲ್ಲ. ಗೆರೆ ಮ್ಯಾಲೇ ಕತ್ತರಿಸೀಯ!"

ನಾನು ಖಣವನ್ನು ನೋಡಿದೆ. ಗೆರೆ ಮೇಲೇ ಕತ್ತರಿಸಿದ್ದೆ. ಎರಡು ತಿಂಗಳು ಸೀಟಿ ಊದಿ ಕಲಿಸಿದಂತೆ, ಸುತ್ತಲೂ, ಒಂದು ನೂಲಿನಷ್ಟೂ ಮಾರ್ಜಿನ್ ಬಿಡದೆ, ಅವ್ವನ ಖಣವನ್ನು ನೌಕೆ ಕತ್ತರಿಸಿದ ಹಾಗೆ ಕತ್ತರಿಸಿಬಿಟ್ಟಿದ್ದೆ. ಇನ್ನು ಹೊಲಿಗೆ ಹಾಕಿದರೆ ಅದು ಅಕ್ಕನಿಗಲ್ಲ, ಅಕ್ಕನ ಅರ್ಧಕ್ಕೆ ಆಗುತ್ತಿತ್ತು. ಭಾವನಿಗೆ ತಡವಾಗಿ ಹೊಳೆಯಿತು. ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಗೋಡೆಯ ಮೇಲಿದ್ದ "ಗೆರೆ ಮೇಲೆ" ಎಂಬ ಬೋರ್ಡನ್ನು ಅವರು ಮೆಲ್ಲಗೆ ತಿರುಗಿಸಿ ಕ್ಯಾಲೆಂಡರ್ ಕಡೆ ಮಾಡಿದರು.

ಅಕ್ಕ ಒಂದು ತೋಳಿನ ತುಂಡನ್ನು ಎತ್ತಿ ತನ್ನ ತೋಳಿಗೆ ಹಿಡಿದು ನೋಡಿದಳು. ಅಂಚಿಗೆ ಅಂಚು ಮುಟ್ಟಿತು, ಹೊಲಿಯಲು ಏನೂ ಉಳಿಯಲಿಲ್ಲ. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವಳು ತುಂಡು ಕೆಳಗಿಟ್ಟು ನನ್ನ ಬಲಗೈ ಹಿಡಿದುಕೊಂಡು, ಒಂದೊಂದೇ ಬೆರಳು ಮಡಚಿ, ಬಿಡಿಸಿ ನೋಡಿದಳು. "ಕೈ ಬಂತಲ್ಲೇ" ಎಂದಳು. ಅಷ್ಟು ಹೇಳಿ, ಎಂದೂ ಅಳದವಳು, ಆ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ. ಭಾವ ಮಾತ್ರ ಏನು ಮಾಡಬೇಕೆಂದು ತಿಳಿಯದೆ "ಒಳಗ್ ಹೋಗ್ರಿ, ಒಳಗ್ ಹೋಗ್ರಿ" ಎಂದರು.

ಆ ಬ್ಲೌಸನ್ನು ನಾನು ಹೊಲಿದೆ. ನೌಕೆಗೆ ಮಾಡಿದಂತೆ ಅಂಚುಗಳ ಹಿಂದೆ ಪಟ್ಟಿ ಕೊಟ್ಟು, ಪಕ್ಕಕ್ಕೆ, ತೋಳಿನ ಕೆಳಗೆ ಬೇರೆ ಹಸಿರು ಬಟ್ಟೆ ಕೂರಿಸಿ, ಹೇಗೋ ಅಕ್ಕನ ಮೈಗೆ ತಂದೆ. ಬೀದಿಯ ಹೆಂಗಸರು ಅದು ಹೊಸ ಫ್ಯಾಷನ್ ಎಂದುಕೊಂಡರು, ಗಂಗಮ್ಮ ತನಗೂ ಅಂಥದ್ದೇ ಬೇಕೆಂದು ಬಟ್ಟೆ ತಂದುಕೊಟ್ಟರು. ವಾರದ ಮೇಲೆ ಚನ್ನಗಿರಿಗೆ ಬಂದು ಅಂಗಡಿಯ ಬಾಗಿಲು ತೆಗೆದೆ. ಮೊದಲ ಆರು ತಿಂಗಳು ಯಾವ ಬಟ್ಟೆಗೆ ಕತ್ತರಿ ಇಟ್ಟರೂ "ಬಿಡು, ಬಿಡು" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಗಿರಾಕಿಗಳು ಮಂತ್ರ ಎಂದುಕೊಂಡಿದ್ದರು.

ಮೊನ್ನೆ ಪೋಸ್ಟರಿನ ಹುಳಿ ವಾಸನೆ ಹೀರಿಕೊಂಡು ಅಂಗಡಿಗೆ ಬಂದ ಮೇಲೆ ಜಗಳೂರಿಗೆ ಫೋನು ಮಾಡಿದೆ. ಭಾವನೇ ಎತ್ತಿದರು. ಅವರೀಗ ಅಂತರಿಕ್ಷದಲ್ಲಿ ಒಂದು ಬಸ್ ಸ್ಟ್ಯಾಂಡ್ ಕಟ್ಟುತ್ತಿದ್ದಾರೆ, ನಲವತ್ತು ಹಾಳೆ, ಮೂತಿ ಆಗಿದೆಯಂತೆ. "ಮೈ ಕಟ್ಟಾಕೆ ನೀನೇ ಬರಬೇಕು" ಎಂದರು. ಬರುತ್ತೇನೆ ಎಂದೆ. ಆಮೇಲೆ ಪ್ರತಿ ಸಲ ಕೇಳುವುದನ್ನು ಕೇಳಿದೆ, "ಅಕ್ಕನ ಆ ಖಣದ ಬ್ಲೌಸು ಬಿಗಿ ಆಗಿರಬೇಕು ಭಾವ. ಅದನ್ನ ಬಿಟ್ಟುಬಿಡಾಕೆ ಹೇಳ್ರಿ, ನಾನು ಬ್ಯಾರೆ ಹೊಲ್ಕೊಡ್ತೀನಿ."

ಭಾವ ಫೋನು ಪಕ್ಕಕ್ಕೆ ಹಿಡಿದು ಕೇಳಿದರು. ಆ ಕಡೆಯಿಂದ ಅಕ್ಕ ಏನೋ ರೇಗಿದ್ದು ಕೇಳಿಸಿತು.

"ಬಿಗಿ ಐತಂತೆ" ಎಂದರು ಭಾವ. "ಬಿಚ್ಚಾಕೆ ಒಳಗೆ ಬಟ್ಟೆ ಇಲ್ಲಂತೆ. ಕೈ ಮ್ಯಾಕೆ ಎತ್ತಾಕೂ ಆಗಲ್ಲಂತೆ. ಆದ್ರೂ ಇವತ್ತೂ ಅದನ್ನೇ ಹಾಕ್ಕಂಡು ಕುಂತಾಳೆ."